ಶಿವಗಂಗಮ್ಮನ ಅರ್ಧ ಕುಯ್ದ ಗಿಡಗಳು

ಶಿವಗಂಗಮ್ಮನಿಗೆ ತಲೆ ಕೆಟ್ಟಿದೆ ಎಂದು ಅತ್ತಿಗುಂಡಿಯಲ್ಲಿ ಬಸ್ ನಿಲ್ಲುವ ಜಾಗದಲ್ಲಿ ಇಂದಿಗೂ ಹೇಳುವವರಿದ್ದಾರೆ. ಅವರಿಗೆ ಬಾಯಲ್ಲಿ ಹೇಳಿ ಹೇಳಿ ನನಗೆ ಸಾಕಾಗಿದೆ. ಅದಕ್ಕೇ ಬರೆಯಲು ಕೂತೆ. ಅವಳ ತಲೆಯಲ್ಲಿ ಕೆಟ್ಟದ್ದು ಯಾವುದು, ಕೆಡದೆ ಗಟ್ಟಿಯಾಗಿ ನಿಂತದ್ದು ಯಾವುದು ಎಂಬುದನ್ನು ಪಕ್ಕದ ಸಾಲಿನಲ್ಲಿ ಕಾಫಿ ಹಣ್ಣು ಕುಯ್ಯುತ್ತಾ ನೋಡಿದವಳು ನಾನು. ಬಸ್ ಕಾಯುವವರು ನೋಡಿದ್ದಲ್ಲ.

ಅವಳು ಕಳಸದ ಕಡೆಯಿಂದ ಮದುವೆಯಾಗಿ ನಮ್ಮ ತೋಟದಲ್ಲಿ ಆಳುಗಳಿರುವ ಲೈನ್ ಮನೆಗೆ ಬಂದವಳು. ನನ್ನ ಮನೆಗೂ ಅವಳ ಮನೆಗೂ ಒಂದೇ ಗೋಡೆ. ಆ ಕಡೆ ಅವಳು ಕೆಮ್ಮಿದರೆ ಈ ಕಡೆ ನಾನು ಕಷಾಯಕ್ಕೆ ನೀರಿಡುತ್ತೇನೆ. ಕೆರೆ ಮೇಲಿನ ಇಳಿಜಾರಿನಲ್ಲಿ ಈಗ ಹಣ್ಣು ಬಿಡುವ ಅರೇಬಿಕಾ ಗಿಡಗಳಿಗೆ ಗುಂಡಿ ತೋಡಿದವರಲ್ಲಿ ನಾವಿಬ್ಬರೂ ಇದ್ದೆವು.

ನಮ್ಮ ತೋಟದಲ್ಲಿ ಒಂದು ಪದ್ಧತಿ ಇದೆ. ಕುಯ್ಲು ಶುರುವಾಗುವ ದಿನ ಮೊದಲ ಸಾಲಿನ ಮೊದಲ ಗಿಡಕ್ಕೆ ಅರಿಶಿನ ಕುಂಕುಮ ಹಚ್ಚಿ, ಪ್ರದಕ್ಷಿಣೆ ಬಂದು, ಒಂದು ಹಿಡಿ ಹಣ್ಣು ಕಿತ್ತು ತೋಟ ಕಾಯುವ ಚೌಡಿಯ ಕಲ್ಲಿನ ಮುಂದೆ ಇಡಬೇಕು. ಆ ಮೊದಲ ಹಿಡಿ ಕಿತ್ತವರಿಗೆ ಆ ವರ್ಷ ಪೂರ್ತಿ ಮೊದಲ ಸಾಲು. ಉಳಿದವರೆಲ್ಲ ಅವರನ್ನು ನೋಡಿಕೊಂಡು ತಮ್ಮ ತಮ್ಮ ಸಾಲು ಹಿಡಿಯುತ್ತಾರೆ. ಅದರಿಂದ ಸಿಗುವುದು ಏನೂ ಇಲ್ಲ, ಮರ್ಯಾದೆ ಒಂದೇ. ಶಿವಗಂಗಮ್ಮ ಆ ಮರ್ಯಾದೆಯನ್ನು ಕೇಳಿ ಪಡೆದವಳಲ್ಲ, ಕಿತ್ತುಕೊಂಡವಳು. ಅವಳ ಗಂಡ ತೀರಿಹೋದ ವರ್ಷ, ಗಂಡ ಇಲ್ಲದವಳು ಮೊದಲ ಹಣ್ಣು ಕೀಳಬಾರದು ಎಂದು ಆಗಿನ ಮೇಸ್ತ್ರಿ ಅಡ್ಡ ನಿಂತಿದ್ದ. ಶಿವಗಂಗಮ್ಮ ಅವನನ್ನು ಕೇಳಿದ್ದಳು: "ನನ್ನ ಗಂಡ ಸತ್ತ ಅಂತ ಈ ಗಿಡ ಹೂ ಬಿಡೋದು ನಿಲ್ಸಿದ್ಯಾ? ಇಲ್ವಲ್ಲ. ಹಂಗಾದ್ರೆ ನಾ ಎಂತಕ್ಕೆ ಕುಯ್ಯೋದು ನಿಲ್ಸಲಿ?" ಹೇಳಿದವಳೇ ಅವನ ಕೈಯಿಂದ ಕುಂಕುಮದ ಬಟ್ಟಲು ತೆಗೆದುಕೊಂಡು ಹೋಗಿ ಗಿಡಕ್ಕೆ ಹಚ್ಚಿದಳು. ಅಂದಿನಿಂದ ಮೊದಲ ಸಾಲು ಅವಳದೇ.

ಇಷ್ಟು ಮೊದಲೇ ಹೇಳಿದ್ದಕ್ಕೆ ಕಾರಣವಿದೆ. ಅವಳ ಹಟ ಕಾಯಿಲೆಯಿಂದ ಬಂದದ್ದು ಎಂದು ಆಮೇಲೆ ಕೆಲವರು ಹೇಳಿದರು. ಹಟ ಮೊದಲೇ ಇತ್ತು. ಅದಕ್ಕೆ ನಾನು ಸಾಕ್ಷಿ.

ಹೋದ ವರ್ಷ ಕುಯ್ಲು ಶುರುವಾಗಿ ಸ್ವಲ್ಪ ದಿನಕ್ಕೆ, ಒಂದು ಬೆಳಿಗ್ಗೆ ಅವಳಿಗೆ ತಲೆ ಭಾರವಾಯಿತು. ವಾಂತಿಯಾಯಿತು. ಎಡಗೈ, ಎಡಗಾಲು ಜೋಮು ಹಿಡಿದಂತಿದೆ ಎಂದಳು. ಶೀತ ಎಂದುಕೊಂಡೆವು. ಕರಿಮೆಣಸಿನ ಕಷಾಯ ಕುಡಿದು ಮಲಗಿದಳು. ಜೋಮು ಕಮ್ಮಿಯಾದ ಹಾಗೆ ಕಂಡಿತು. ಕೈಲಾಗದವರು ಮಲಗಲಿ ಎಂದು ಸೊಂಟಕ್ಕೆ ಚೀಲ ಕಟ್ಟಿಕೊಂಡು ಮತ್ತೆ ಸಾಲಿಗೆ ಬಂದಳು.

ಬಂದ ದಿನವೇ ಮಧ್ಯಾಹ್ನ ಮೇಸ್ತ್ರಿ ಬೆಳ್ಳಿಯಪ್ಪ ಕೆಳಗಿನಿಂದ ಸಾಲು ನೋಡುತ್ತಾ ಹತ್ತಿದ. ಈಗಿನ ಮೇಸ್ತ್ರಿ ಇವನು, ನಮಗಿಂತ ಚಿಕ್ಕವನು, ಕೆಟ್ಟವನಲ್ಲ. ಆದರೆ ಗಿಡದಲ್ಲಿ ಹಣ್ಣು ಬಿಟ್ಟರೆ ಅವನಿಗೆ ಮೈಯೆಲ್ಲ ಉರಿಯುತ್ತದೆ. ಬಿಟ್ಟ ಹಣ್ಣಿನಲ್ಲಿ ಕಾಯಿಕೊರಕ ಹುಳು ಮನೆ ಮಾಡುತ್ತದೆ. ಬರುವ ವರ್ಷದ ಫಸಲಿಗೆ ಅಲ್ಲಿಂದಲೇ ಹಬ್ಬುತ್ತದೆ.

"ಶಿವಗಂಗಕ್ಕ, ಎಂತ ಮಾರಾಯ್ತಿ ಇದು? ಗಿಡಕ್ಕೆ ಅರ್ಧ ಕ್ಷೌರ ಮಾಡಿ ಬಿಟ್ಟ ಹಾಗೆ ಮಾಡಿದೀಯಲ್ಲ."

"ಯಾವ ಗಿಡ?"

"ನೀ ದಾಟಿ ಬಂದ ಗಿಡ. ಒಂದಲ್ಲ, ಎಲ್ಲಾ."

"ನಾ ಬಿಟ್ಟು ಬರೋಳಲ್ಲ. ನಿನ್ನ ಕನ್ನಡಕ ಒರೆಸ್ಕೋ."

ನಾವೆಲ್ಲ ಕೈ ನಿಲ್ಲಿಸಿ ನೋಡಿದೆವು. ಬೆಳ್ಳಿಯಪ್ಪ ಹೇಳಿದ್ದು ನಿಜ. ಅವಳು ಗಿಡಕ್ಕೆ ಎದುರಾಗಿ ನಿಂತಾಗ ಬಲಕ್ಕೆ ಬರುವ ರೆಕ್ಕೆಗಳಲ್ಲಿ, ಅಂದರೆ ಅಡ್ಡ ರೆಂಬೆಗಳಲ್ಲಿ, ಒಂದು ಹಣ್ಣೂ ಇಲ್ಲ. ಎಲೆ ಹರಿಯದಂತೆ, ಹಸಿರು ಕಾಯಿ ಉದುರದಂತೆ ಕುಯ್ದಿದ್ದಾಳೆ, ಅದು ಅವಳದೇ ಕೈಕೆಲಸ. ಎಡಕ್ಕೆ ಬರುವ ರೆಕ್ಕೆಗಳಲ್ಲಿ ಹಣ್ಣು ಕೆಂಪಗೆ ಜೋತಾಡುತ್ತಿದೆ. ಸಾಲಿನುದ್ದಕ್ಕೂ ಹಾಗೇ. ಯಾರೋ ಪ್ರತಿ ಗಿಡದ ಮಧ್ಯೆ ದಾರ ಎಳೆದು ಪಾಲು ಮಾಡಿದಂತಿತ್ತು.

ಬೆಳ್ಳಿಯಪ್ಪ ಅವಳನ್ನು ಒಂದು ಗಿಡದ ಮುಂದೆ ನಿಲ್ಲಿಸಿದ. "ಹೇಳು, ಇದ್ರಲ್ಲಿ ಹಣ್ಣು ಇದ್ಯೋ ಇಲ್ವೋ?"

ಅವಳು ಚೆನ್ನಾಗಿಯೇ ನೋಡಿದಳು. "ಇಲ್ಲ."

ಅವನು ಅವಳ ಭುಜ ಹಿಡಿದು ಗಿಡದ ಹಿಂಬದಿಗೆ ಕರೆದುಕೊಂಡು ಹೋಗಿ ಈ ಕಡೆ ಮುಖ ಮಾಡಿಸಿ ನಿಲ್ಲಿಸಿದ. "ಈಗ?"

ಅವಳ ಮುಖ ನಾನು ಮರೆಯಲಾರೆ. ಬಾಯಿ ಅರ್ಧ ತೆರೆದು ನಿಂತಳು. ಆಮೇಲೆ ನಮ್ಮೆಲ್ಲರ ಕಡೆ ತಿರುಗಿ, "ಇದು ಈಗ ಎಲ್ಲಿಂದ ಬಂತು? ನನ್ನ ಹಿಂದೆ ಬಂದು ಯಾರು ಮಾಡ್ತಿದೀರಿ ಈ ಕೆಲ್ಸ?" ಎಂದಳು.

"ಎಂತದು? ಕುಯ್ದ ಹಣ್ಣು ತಂದು ತಿರುಗಿ ಗಿಡಕ್ಕೆ ಅಂಟಿಸ್ತಾರಾ?" ಎಂದಳು ಮೂರನೇ ಸಾಲಿನ ರಾಮಮ್ಮ. ಎಲ್ಲರೂ ನಕ್ಕರು. ನನಗೂ ನಗು ಬಂತು.

ಬೆಳ್ಳಿಯಪ್ಪ ನಗಲಿಲ್ಲ. "ಚೀಲ ಬೇಗ ತುಂಬ್ಲಿ ಅಂತ ಕೈಗೆ ಸಿಕ್ಕಿದ್ದು ಎಳ್ಕೊಂಡು ಹೋಗಿದೀಯ. ಮೊದಲ ಸಾಲಿನೋಳೇ ಹಿಂಗೆ ಕಳ್ಳಗೆಲಸ ಮಾಡಿದ್ರೆ ಮಿಕ್ಕೋರಿಗೆ ನಾ ಎಂತ ಹೇಳ್ಲಿ?"

ಕಳ್ಳಗೆಲಸ ಎಂಬ ಮಾತು ಕೇಳಿದ್ದೇ ಅವಳು ಸೊಂಟದ ಚೀಲ ಬಿಚ್ಚಿ ಹಣ್ಣನ್ನೆಲ್ಲ ಅವನ ಕಾಲ ಬುಡದಲ್ಲಿ ಸುರಿದಳು. "ತಗೋ. ಕದ್ದದ್ದೆಲ್ಲ ಇಲ್ಲಿದೆ," ಎಂದು ಇಳಿದು ಹೋದಳು. ಹೋಗುವಾಗ ಎಡಗಡೆಯ ಸಿಲ್ವರ್ ಓಕ್ ಮರಕ್ಕೆ ಭುಜ ಬಡಿದುಕೊಂಡಳು. ಕೋಪದಲ್ಲಿ ನೋಡಲಿಲ್ಲ ಎಂದುಕೊಂಡೆ.

ಸಂಜೆ ಅವಳಿಗೆ ಅಕ್ಕಿ ರೊಟ್ಟಿ, ಬದನೆಕಾಯಿ ಪಲ್ಯ ತೆಗೆದುಕೊಂಡು ಹೋದೆ. ತಟ್ಟೆಯ ಬಲಗಡೆ ರೊಟ್ಟಿ, ಎಡಗಡೆ ಪಲ್ಯ. ಅವಳು ರೊಟ್ಟಿಯನ್ನು ಬಲ ಅಂಚಿನಿಂದ ಮುರಿದು ಬರಿದೇ ತಿಂದಳು.

"ಪಲ್ಯ ಹಾಕೋಕೆ ಕೈ ಬರ್ಲಿಲ್ವಾ ಸಾವಿತ್ರಿ?"

ನಾನು ತಟ್ಟೆಯನ್ನು ತಿರುಗಿಸಿ ಇಟ್ಟೆ. ಅವಳು ಪಲ್ಯ ನೋಡಿ, "ಹ್ಞಾಂ, ಈಗ ಹಾಕ್ದೆ," ಎಂದು ಸಮಾಧಾನವಾಗಿ ತಿಂದಳು. ಆಗ ನಾನು ಅವಳ ತಲೆ ನೋಡಿದೆ. ಬಲಗಡೆ ಕೂದಲು ಬಾಚಿ ಎಣ್ಣೆ ಹಚ್ಚಿದೆ. ಎಡಗಡೆ ಹಕ್ಕಿಗೂಡಿನ ಹಾಗಿದೆ. ಮಧ್ಯಾಹ್ನ ನಕ್ಕದ್ದು ನೆನಪಾಯಿತು.

ಅವಳ ಮಗ ಧರ್ಮೇಶ ಬಾಬಾಬುಡನ್‌ಗಿರಿಗೆ ಬರುವ ಪ್ರವಾಸಿಗಳಿಗೆ ಜೀಪು ಓಡಿಸುತ್ತಾನೆ. ಅವನಿಗೆ ಹೇಳಿದೆ. ಮರುದಿನ ಅವನು ಪ್ರವಾಸಿಗಳನ್ನು ಬಿಟ್ಟು ತಾಯಿಯನ್ನು ಹತ್ತಿಸಿಕೊಂಡ. ನಾನೂ ಹೊರಟೆ. ತಿರುವುಗಳಲ್ಲಿ ಇಳಿಯುವಷ್ಟೂ ಹೊತ್ತು, ನನಗೆ ಏನಾಗಿದೆ ಅಂತ ಕರ್ಕೊಂಡು ಹೋಗ್ತಿದೀರಿ, ಬೆಳ್ಳಿಯಪ್ಪನ್ನ ಕರ್ಕೊಂಡು ಹೋಗಿ ಎಂದು ಅವಳು ಬೈಯುತ್ತಲೇ ಇದ್ದಳು.

ಚಿಕ್ಕಮಗಳೂರಿನ ಆಸ್ಪತ್ರೆಯಲ್ಲಿ ತಲೆಯ ಸ್ಕ್ಯಾನ್ ಮಾಡಿದರು. ಡಾಕ್ಟರು ಗಗನಾ ಎಂಬ ಹೆಣ್ಣುಮಗಳು, ಮೂಡಿಗೆರೆ ಕಡೆಯ ಕಾಫಿ ತೋಟದವರ ಮನೆಯವಳು. ಮೊದಲೇ ಕರೆದುಕೊಂಡು ಬರಬೇಕಿತ್ತು, ಇಂಥದ್ದಕ್ಕೆ ಕಷಾಯ ಕುಡಿಸಿ ಕಾಯಬಾರದು ಎಂದು ಧರ್ಮೇಶನಿಗೂ ನನಗೂ ಚೆನ್ನಾಗಿಯೇ ಬೈದಳು. ಬೈದ ಮೇಲೆ ಅವಳ ಮೇಜಿನ ಮೇಲಿದ್ದ ಪ್ಲಾಸ್ಟಿಕ್ಕಿನ ಮಿದುಳನ್ನು ಶಿವಗಂಗಮ್ಮನ ಮುಂದಿಟ್ಟಳು, ಬಲಗಡೆಗೆ ಸರಿಸಿ ಇಟ್ಟಳು. ಅದನ್ನು ನಾನು ಗಮನಿಸಿದೆ.

"ಅಮ್ಮ, ತಲೆ ಒಳಗೆ ಮೇಲುಗಡೆ ತುಂಬ್ಕೊಂಡಿರೋದು ಇದು. ಪುಸ್ತಕದಲ್ಲಿ ಮಹಾಮಸ್ತಿಷ್ಕ ಅಂತಾರೆ. ನಾವು ದೊಡ್ಡ ಮಿದುಳು ಅನ್ನೋಣ. ನೋಡಿ, ಎರಡು ಭಾಗ."

ಬಿಡಿಸಿ ತೋರಿಸಿದಳು. ಶಿವಗಂಗಮ್ಮ ಎರಡನ್ನೂ ಕೈಯಲ್ಲಿ ಹಿಡಿದು ಸೇರಿಸಿದಳು, ಬಿಡಿಸಿದಳು. "ಕಾಫಿ ಹಣ್ಣು ಹಿಸುಕಿದ್ರೆ ಎರಡು ಬೀಜ ಹೊಟ್ಟೆಗೆ ಹೊಟ್ಟೆ ಕೊಟ್ಕೊಂಡು ಇರ್ತವಲ್ಲ, ಹಂಗೇ ಇದೆ."

"ಹಂಗೇ ಅಂದ್ಕೊಳಿ. ಆದ್ರೆ ಬೀಜಕ್ಕೆ ಒಂದರ ಸುದ್ದಿ ಇನ್ನೊಂದಕ್ಕಿಲ್ಲ. ಇಲ್ಲಿ ನಡುವೆ ಕೆಳಗಡೆ ಎಳೆಗಳ ಒಂದು ಸೇತುವೆ ಇದೆ. ಈ ಕಡೆ ಸುದ್ದಿ ಆ ಕಡೆಗೆ ಹೋಗ್ತಾ ಇರ್ತದೆ."

"ನಮ್ಮಿಬ್ಬರ ಮನೆ ಗೋಡೆ," ಎಂದಳು ಶಿವಗಂಗಮ್ಮ ನನ್ನ ಕಡೆ ನೋಡಿ.

ಡಾಕ್ಟರಿಗೆ ಅದು ಅರ್ಥವಾಗಲಿಲ್ಲ. ಅವಳು ಮೇಲಿನ ಮಡಿಕೆಗಳನ್ನು ತೋರಿಸಿದಳು. ಮಿದುಳಿನ ಮೇಲ್ಪದರ ಬೂದು ಬಣ್ಣದ ಒಂದು ತೆಳು ಹೊದಿಕೆಯಂತೆ. ಯೋಚನೆಯ ಕೆಲಸವೆಲ್ಲ ಹೆಚ್ಚಾಗಿ ಅಲ್ಲೇ. ಹರಡಿದರೆ ಬಿಚ್ಚಿ ಹಾಸಿದ ಪೇಪರಿನಷ್ಟು ಅಗಲ ಬರುತ್ತದಂತೆ. ಟ್ರಂಕಿನಲ್ಲಿ ಸೀರೆ ಮಡಚಿ ತುರುಕಿದ ಹಾಗೆ ಬುರುಡೆಯೊಳಗೆ ಮಡಚಿಕೊಂಡಿದೆ. ಅದರ ಕೆಳಗೆ ಬಿಳಿ ಎಳೆಗಳು, ತಂತಿಗಳಂತೆ. ಹಣೆಯ ಹಿಂದಿನ ಭಾಗ ಯೋಚಿಸಿ ತೀರ್ಮಾನ ಮಾಡುವುದಕ್ಕೆ, ನಾಲಿಗೆಯನ್ನೂ ಕೋಪವನ್ನೂ ಹಿಡಿದಿಡುವುದಕ್ಕೆ, ಕೈಕಾಲು ಆಡಿಸುವುದಕ್ಕೆ. ಕಿವಿಯ ಮಟ್ಟದ್ದು ಕೇಳುವುದಕ್ಕೆ, ನೆನಪಿಟ್ಟುಕೊಳ್ಳುವುದಕ್ಕೆ. ತೀರ ಹಿಂದಿನದು ನೋಟಕ್ಕೆ. ನೆತ್ತಿಯ ಹಿಂದಿನದು ಮುಟ್ಟಿದ್ದು ತಿಳಿಯುವುದಕ್ಕೆ ಮತ್ತು ಯಾವುದು ಎಲ್ಲಿದೆ, ನನ್ನ ಕೈ ಎಲ್ಲಿದೆ, ಗಿಡ ಎಲ್ಲಿದೆ ಎಂಬ ಅಂದಾಜಿಗೆ. ಇದೆಲ್ಲ ಎರಡೂ ಭಾಗದಲ್ಲಿ ಇದೆ. ಬಲ ಭಾಗ ಮೈಯ ಎಡಗಡೆಯನ್ನು ನೋಡಿಕೊಳ್ಳುತ್ತದೆ, ಎಡ ಭಾಗ ಬಲಗಡೆಯನ್ನು.

"ನಿಮ್ಗೆ ಬಲ ಭಾಗದಲ್ಲಿ, ನೆತ್ತಿ ಹಿಂದೆ, ಇಲ್ಲಿ ರಕ್ತ ಓಡಾಟ ಕಟ್ಟಿದೆ. ಅದಕ್ಕೆ ಎಡಗಡೆ ಇರೋದು ನಿಮ್ಮ ಗಮನಕ್ಕೆ ಬರ್ತಿಲ್ಲ. ಕಣ್ಣು ಸರಿ ಇದೆ. ಕಣ್ಣು ನೋಡ್ತದೆ, ಮಿದುಳು ಅದನ್ನ ಲೆಕ್ಕಕ್ಕೆ ತಗೊಳಲ್ಲ."

"ನನಗೆ ಎಲ್ಲಾ ಕಾಣ್ತದೆ," ಎಂದಳು ಶಿವಗಂಗಮ್ಮ.

ಡಾಕ್ಟರು ನನ್ನನ್ನೂ ಧರ್ಮೇಶನನ್ನೂ ನೋಡಿ ಮೆಲ್ಲಗೆ ಹೇಳಿದಳು. "ಇದೂ ಕಾಯಿಲೆಯ ಭಾಗವೇ. ನಿನಗೆ ಇಂಥದ್ದು ಕಾಣ್ತಿಲ್ಲ ಅಂತ ಅವರಿಗೆ ತಿಳಿಸಬೇಕಾದ ಜಾಗಕ್ಕೇ ಪೆಟ್ಟಾಗಿದೆ. ಕಾಣದೇ ಇರೋದು ಕಾಣ್ತಿಲ್ಲ ಅಂತಲೇ ಅವರಿಗೆ ಗೊತ್ತಾಗಲ್ಲ. ಅವರು ಸುಳ್ಳು ಹೇಳ್ತಿಲ್ಲ."

ಆ ಕೊನೆಯ ಮಾತು ನಾನು ಸೆರಗಿನಲ್ಲಿ ಗಂಟು ಹಾಕಿಕೊಂಡೆ. ಶಿವಗಂಗಮ್ಮನೂ ಕೇಳಿಸಿಕೊಂಡಿದ್ದಳು. ಕಿವಿಗೆ ಏನೂ ಆಗಿರಲಿಲ್ಲವಲ್ಲ. ಪ್ಲಾಸ್ಟಿಕ್ಕಿನ ಮಿದುಳನ್ನು ಮೇಜಿನ ಮೇಲಿಟ್ಟು ಅವಳು ಕೇಳಿದಳು:

"ಕಣ್ಣು ಸರಿ ಇದ್ದೂ ಒಂದು ಬದಿ ಕಾಣದೆ ಇರೋದು ಅಂದ್ರಿ. ಅದು ನನಗೊಬ್ಬಳಿಗೇ ಬಂದಿರೋದಾ ಡಾಕ್ಟ್ರೇ? ನಮ್ಮ ರಸ್ತೇಲಿ ದಿನಾ ಜೀಪಲ್ಲಿ ಬರೋರು ಗುಡ್ಡ ನೋಡ್ತಾರೆ, ಮೋಡ ನೋಡ್ತಾರೆ, ಕಾಫಿ ಗಿಡ ನೋಡ್ತಾರೆ. ಗಿಡದ ಪಕ್ಕ ನಿಂತಿರೋ ನಾವು ಅವರಿಗೆ ಕಾಣೋದೇ ಇಲ್ಲ. ಅವರ ತಲೇನೂ ಸ್ಕ್ಯಾನ್ ಮಾಡ್ಸಿ."

ಡಾಕ್ಟರು ನಕ್ಕಳು, ಆಮೇಲೆ ನಗು ನಿಲ್ಲಿಸಿದಳು. ತೋಟದವರ ಮಗಳಲ್ಲವೇ.

ಮಾತ್ರೆ ಕೊಟ್ಟರು, ಕೆಲವು ದಿನ ಇಟ್ಟುಕೊಂಡರು. ಹೊರಡುವಾಗ ಒಂದು ಅಭ್ಯಾಸ ಹೇಳಿಕೊಟ್ಟರು. ತಟ್ಟೆಯಾಗಲಿ, ಪೇಪರಾಗಲಿ, ಅದರ ಎಡ ಅಂಚಿಗೆ ಒಂದು ಕೆಂಪು ಪಟ್ಟಿ ಇಡಬೇಕು. ಆ ಕೆಂಪು ಕಾಣುವವರೆಗೂ ತಲೆ ತಿರುಗಿಸಬೇಕು. ಉಳಿದ ಮಿದುಳು ದಿನ ಹೋದಂತೆ ಸ್ವಲ್ಪ ಸ್ವಲ್ಪ ಕಲಿಯುತ್ತದೆ ಎಂದರು.

ಊರಿಗೆ ಬಂದು ನಾನು ಮೊದಲು ಮಾಡಿದ ಕೆಲಸ ಬೆಳ್ಳಿಯಪ್ಪನನ್ನು ಹಿಡಿದದ್ದು. ಎಲ್ಲ ಹೇಳಿದೆ. ಅವನು ತಲೆ ಕೆರೆದುಕೊಂಡ. "ಮಾತಾಡೋ ಭಾಗ ಯಾವ ಕಡೆ ಅಂತೆ?"

"ಎಡ ಭಾಗದಲ್ಲಂತೆ, ಸುಮಾರು ಎಲ್ರಿಗೂ. ಅವಳಿಗೆ ಆ ಕಡೆ ಏನೂ ಆಗಿಲ್ಲ."

"ಅಲ್ಲಿ ಆಗಿದ್ರೆ ತೋಟಕ್ಕಾದ್ರೂ ಸ್ವಲ್ಪ ನೆಮ್ಮದಿ ಇರ್ತಿತ್ತು," ಎಂದ. ಆದರೂ ಆ ಸಂಜೆ ಅವಳ ಬಾಗಿಲಿಗೆ ಹೋಗಿ, ಕಳ್ಳಗೆಲಸ ಅಂದದ್ದು ತಪ್ಪಾಯ್ತಕ್ಕ ಎಂದು ಹೇಳಿ ಬಂದ. ಗೋಡೆಯ ಈ ಕಡೆಯಿಂದ ನನಗೆ ಕೇಳಿಸಿತು. ಅವಳ ಉತ್ತರವೂ ಕೇಳಿಸಿತು. "ನನ್ನ ಕಿವೀಲಿ ಹೇಳಿದ್ರೆ ಆಗ್ಲಿಲ್ಲ. ಸಾಲಲ್ಲಿ ಎಲ್ರ ಮುಂದೆ ಅಂದಿದೀಯ. ಸಾಲಲ್ಲೇ ತೀರ್ಲಿ."

ತೋಟದ ಯಜಮಾನರು ದಿಲೀಪ್ ಗೌಡರು. ಅವರೂ ಬಂದರು, ಹಣ್ಣು ಹಂಪಲು ತಂದರು. "ಶಿವಗಂಗಮ್ಮ, ಇನ್ನು ನೀವು ಇಳಿಜಾರು ಹತ್ತೋದು ಬೇಡ. ಕಣದಲ್ಲಿ ಹಣ್ಣು ಸುಲಿದು ತೊಳೆದ ಪಾರ್ಚ್‌ಮೆಂಟ್ ಬೀಜ ಒಣಗ್ತಿರ್ತದೆ. ಅಲ್ಲಿ ಕೂತ್ಕೊಂಡು ಕಾಯ್ಕೊಂಡಿರಿ, ಸಾಕು."

"ಕೂತ್ಕೊಂಡು ಕಾಯೋಕೆ ಬೆದರುಬೊಂಬೆ ನಿಲ್ಸಿ ಗೌಡ್ರೇ. ಅದಕ್ಕೆ ಊಟ ಹಾಕೋದೂ ಬೇಡ."

"ಹಟ ಬೇಡಮ್ಮ. ನಿಮ್ಮ ಒಳ್ಳೇದಕ್ಕೇ ಹೇಳ್ತಿದೀನಿ."

"ಗೊತ್ತು. ಆದ್ರೆ ನಾ ಈಗ ಕಣಕ್ಕೆ ಹೋಗಿ ಕೂತ್ರೆ, ಅರ್ಧ ಗಿಡ ಬಿಟ್ಟು ಸಿಕ್ಕಿಬಿದ್ದು ಹೋದೋಳು ಅಂತ್ಲೇ ಉಳೀತದೆ. ನನ್ನ ಸಾಲು ನನಗೆ ಬೇಕು."

ಧರ್ಮೇಶನಿಗೂ ಅವಳು ಹೋಗುವುದು ಬೇಡವಾಗಿತ್ತು. ಬೆಳ್ಳಿಯಪ್ಪನೇ ಕಡೆಗೆ ಒಂದು ದಾರಿ ಹೇಳಿದ. ಕೊನೆಯ ಕುಯ್ಲಿನಲ್ಲಿ, ಗಿಡದಲ್ಲಿ ಉಳಿದದ್ದನ್ನೆಲ್ಲ ತೆಗೆಯುವ ಆ ಕುಯ್ಲಿನಲ್ಲಿ, ಮೊದಲ ಸಾಲು ಅವಳೊಬ್ಬಳಿಗೇ ಬಿಡುವುದು. ಯಾರೂ ಕೈ ಹಾಕುವಂತಿಲ್ಲ. ಒಂದು ಗಿಡ ಅರ್ಧ ಉಳಿದರೂ ಬರುವ ವರ್ಷದ ಮೊದಲ ಹಿಡಿ ಬೇರೆಯವರದು. ದಿಲೀಪ್ ಗೌಡರು ಒಪ್ಪಿದರು. ಅವಳು ಅಲ್ಲಿಯವರೆಗೆ ಮರೆತುಬಿಡುತ್ತಾಳೆ ಎಂದುಕೊಂಡಿರಬೇಕು.

ಅವಳು ಮರೆಯಲಿಲ್ಲ. ಮನೆಯಲ್ಲಿ ತಟ್ಟೆಯ ಎಡಕ್ಕೆ ಕೆಂಪು ರಿಬ್ಬನ್ ಇಟ್ಟು ಊಟ ಮಾಡುವುದು ಕಲಿತಳು. ಒಂದು ದಿನ ಪಲ್ಯವನ್ನು ಅವಳೇ ಹುಡುಕಿಕೊಂಡಳು. ಕಾಣುವುದಿಲ್ಲ ಎಂದು ಮಾತ್ರ ಬಾಯಿಬಿಟ್ಟು ಒಪ್ಪಲಿಲ್ಲ. ಡಾಕ್ಟ್ರು ಹೇಳಿದಾರೆ, ಮಾಡ್ತಿದೀನಿ ಎನ್ನುವಳು, ಅಷ್ಟೇ.

ಆಮೇಲೆ ಅದೇ ರಿಬ್ಬನ್ ತೆಗೆದುಕೊಂಡು ಲೈನಿನ ಹಿಂದಿರುವ ಹಳೇ ಕಾಫಿ ಗಿಡಗಳಿಗೆ ಹೋದಳು. ಗಿಡದ ಎಡ ರೆಕ್ಕೆಗೆ ನಾನು ಕಟ್ಟಿದೆ. ಅವಳು ಕೆಂಪು ಕಾಣುವವರೆಗೂ ತಲೆ ತಿರುಗಿಸಿದಳು, ಕುಯ್ದಳು, ಮುಗೀತು ಎಂದಳು. ನೋಡಿದರೆ ಮತ್ತೆ ಅರ್ಧ ಗಿಡ. ನಮಗೆ ಇದು ಮೊದಲೇ ಹೊಳೆಯಬೇಕಿತ್ತು. ಕಾಫಿ ಗಿಡದಲ್ಲಿ ಹಣ್ಣೇ ಕೆಂಪು. ತಿರುಗಿಸಿದ ತಲೆಗೆ ಮೊದಲು ಸಿಕ್ಕ ಹಣ್ಣನ್ನೇ ಗುರುತು ಎಂದುಕೊಂಡು ಅಲ್ಲೇ ನಿಂತುಬಿಡುತ್ತಿದ್ದಳು.

ನಾನು, "ಹೋಗ್ಲಿ ಬಿಡು, ನಿನ್ನ ಹಿಂದೆ ನಾ ಬರ್ತೀನಿ, ಉಳಿದದ್ದು ನಾ ಕುಯ್ತೀನಿ, ಯಾರಿಗೆ ಗೊತ್ತಾಗ್ತದೆ?" ಎಂದೆ.

"ನನ್ನ ಗಿಡಕ್ಕೆ ಕೈ ಹಾಕಿದ್ರೆ ಗೋಡೆ ಆ ಕಡೆ ನಾ ಇಲ್ಲ ಅಂದ್ಕೋ."

ಅಂದು ಮಾತು ಬಿಟ್ಟಳು. ಮರುದಿನ ಬೆಳಿಗ್ಗೆ ಅವಳೇ ಬಂದು ನನ್ನ ಜಗಲಿಯಲ್ಲಿ ಕೂತಳು. ತಲೆಗೆ ಕಟ್ಟುವ ಬಿಳಿ ಟವೆಲು ಮಡಿಲಲ್ಲಿತ್ತು.

"ಸಾವಿತ್ರಿ, ಅವತ್ತು ಬೆಳ್ಳಿಯಪ್ಪ ನನ್ನ ಭುಜ ಹಿಡ್ದು ಆ ಕಡೆ ನಿಲ್ಸಿದಾಗ ಹಣ್ಣು ಕಾಣ್ತಲ್ಲ."

"ಹೌದು."

"ಯಾರೂ ಅಂಟಿಸಿದ್ದಲ್ಲ ಅದು, ಅಲ್ವಾ?"

"ಅಲ್ಲ."

ಟವೆಲು ಹೆಗಲಿಗೆ ಹಾಕಿಕೊಂಡು ಎದ್ದಳು. "ಹಂಗಾದ್ರೆ ಅವ್ನು ನನ್ನ ತಿರುಗ್ಸೋದು ಬೇಡ. ನಾನೇ ತಿರುಗ್ತೀನಿ."

ಅವಳು ಕಂಡುಕೊಂಡದ್ದು ಇಷ್ಟೇ. ಗಿಡದ ಮುಂದೆ ನಿಂತು ಎದುರಿನ ರೆಂಬೆಗೆ ಬಿಳಿ ಟವೆಲು ನೇತುಹಾಕುವುದು. ಬಲಕ್ಕೆ ಕಂಡದ್ದು ಕುಯ್ಯುವುದು. ಬಲಕ್ಕೇ ಒಂದು ಹೆಜ್ಜೆ ಸರಿಯುವುದು. ಮತ್ತೆ ಕುಯ್ಯುವುದು. ಹೀಗೆ ಗಿಡವನ್ನು ಪೂರ್ತಿ ಸುತ್ತಿ ಟವೆಲು ಮತ್ತೆ ಕಣ್ಣಿಗೆ ಬಿದ್ದರೆ ಆ ಗಿಡ ಮುಗಿಯಿತು. ಒಂದೇ ಜಾಗದಲ್ಲಿ ನಿಂತು ಎರಡು ಕೈಯಲ್ಲಿ ಬಾಚುವ ನಮಗೆ ಇದು ಮೂರು ಪಟ್ಟು ಕೆಲಸ. ಇಳಿಜಾರು, ಎಡಗಾಲು ಇನ್ನೂ ಸ್ವಲ್ಪ ಎಳೆಯುತ್ತಿತ್ತು. ಬಿದ್ದಳು, ಎದ್ದಳು. ಹಿಡಿಯಲು ಹೋದರೆ ಬೈದಳು.

ಕೊನೆಯ ಕುಯ್ಲಿನ ದಿನ ಎಲ್ಲರಿಗಿಂತ ಮೊದಲು ಸಾಲಿನಲ್ಲಿ ನಿಂತಿದ್ದಳು. ಮೊದಲ ಗಿಡ ಸುತ್ತಲು ಶುರು ಮಾಡಿದ್ದೇ ರಾಮಮ್ಮನ ಬಾಯಿ ತೆರೆಯಿತು.

"ಅಯ್ಯೋ ಶಿವಗಂಗಕ್ಕ, ಇದೆಂಥ ಸುತ್ತು? ಸತ್ತೋರ ಮುಂದೆ ಮಡಕೆ ಹೊತ್ಕೊಂಡು ಸುತ್ತೋ ಹಾಗೆ ಎಡಸುತ್ತು ಸುತ್ತುತೀಯಲ್ಲ. ಅದೂ ಚೌಡಿ ಗಿಡಕ್ಕೆ."

ನನಗೂ ಆಗಲೇ ಹೊಳೆದದ್ದು. ದೇವರನ್ನು ಬಲಕ್ಕೆ ಇಟ್ಟುಕೊಂಡು ಸುತ್ತುವುದು ಪ್ರದಕ್ಷಿಣೆ. ಇವಳು ಬಲಕ್ಕೆ ಸರಿಯುತ್ತಾ ಹೋಗುವುದರಿಂದ ಸುತ್ತು ಉಲ್ಟಾ ಬೀಳುತ್ತಿತ್ತು. ಕೆಲವರು ಕೈ ನಿಲ್ಲಿಸಿದರು. ಒಬ್ಬಳು ಕೆನ್ನೆ ಬಡಿದುಕೊಂಡಳು.

ಶಿವಗಂಗಮ್ಮ ತಿರುಗಿಯೂ ನೋಡಲಿಲ್ಲ. "ನನಗೆ ಕಾಣೋ ಕಡೆಯಿಂದ ನಾ ಸುತ್ತೋದು. ಚೌಡಿಗೆ ಎರಡೂ ಕಡೆ ಕಾಣ್ತದೆ. ಅವಳು ಹೊಂದ್ಕೋತಾಳೆ, ನೀನು ನಿನ್ನ ಗಿಡ ನೋಡ್ಕೋ."

"ಅರ್ಧ ತಲೆ ಇಟ್ಕೊಂಡೇ ಇಷ್ಟು ಮಾತು," ಎಂದು ರಾಮಮ್ಮ ಪಕ್ಕದವಳಿಗೆ ಹೇಳಿದ್ದು ಇವಳಿಗೂ ಕೇಳಿಸಿತು.

"ಒಂದು ಹಣ್ಣಲ್ಲಿ ಒಂದು ಬೀಜ ಬೆಳೀದೇ ಹೋದ್ರೆ ಇನ್ನೊಂದು ಗುಂಡಗೆ ತುಂಬ್ಕೊಳ್ತದೆ ರಾಮಿ. ಪೀಬಿ ಅಂತಾರೆ. ಕ್ಯೂರಿಂಗ್‌ನೋರು ಅದನ್ನ ಬೇರೆ ಆರಿಸಿ ಇಟ್ಕೋತಾರೆ, ಬಿಸಾಕಲ್ಲ. ಸಾವಿತ್ರಿನ ಕೇಳು, ಅವಳು ಆರಿಸಿದೋಳು."

ನಾನು ಮದುವೆಗೆ ಮೊದಲು ಚಿಕ್ಕಮಗಳೂರಿನ ಕ್ಯೂರಿಂಗ್ ವರ್ಕ್ಸಿನಲ್ಲಿ ಬೀಜ ಆರಿಸುತ್ತಿದ್ದದ್ದು ನಿಜ. ಹೌದು ಎಂದೆ. ನಗು ಈ ಸಲ ರಾಮಮ್ಮನ ಕಡೆಗೆ ತಿರುಗಿತು.

ನಾವೆಲ್ಲ ನಮ್ಮ ನಮ್ಮ ಸಾಲು ಮುಗಿಸಿ ಇನ್ನೊಂದು ಸಾಲು ಹಿಡಿದಾಗಲೂ ಅವಳು ಅರ್ಧ ದಾರಿಯಲ್ಲಿದ್ದಳು. ಬುತ್ತಿಯನ್ನು ನಿಂತೇ ತಿಂದಳು. ಬಿಸಿಲು ಇಳಿಯುವ ಹೊತ್ತಿಗೆ ಕೊನೆಯ ಗಿಡ ಒಂದೇ ಉಳಿದಿತ್ತು. ಬೆಳ್ಳಿಯಪ್ಪ ಅವಳ ಹಿಂದೆ ಪ್ರತಿ ಗಿಡವನ್ನೂ ಕೈಯಿಂದ ಎತ್ತಿ ಎತ್ತಿ ನೋಡುತ್ತಾ ಬಂದಿದ್ದ. ಅವನ ಬಾಯಿಂದ ಒಂದು ಮಾತೂ ಬಂದಿರಲಿಲ್ಲ. ಅಂದರೆ ಗಿಡಗಳು ಸರಿಯಾಗಿದ್ದವು.

ಆ ಕೊನೆಯ ಗಿಡ ದರೆಗೆ ಒತ್ತಿಕೊಂಡು ನಿಂತಿದೆ. ರಸ್ತೆ ಮಾಡುವಾಗ ಗುಡ್ಡ ಕಡಿದ ಆ ಮಣ್ಣಿನ ಗೋಡೆಗೂ ಗಿಡಕ್ಕೂ ನಡುವೆ ಬೆನ್ನು ತೂರುವಷ್ಟೂ ಜಾಗವಿಲ್ಲ. ನಮಗೆ ಅದು ತೊಂದರೆಯಲ್ಲ, ಮುಂದೆ ನಿಂತು ಎರಡೂ ಕಡೆಗೆ ಕೈ ಚಾಚುತ್ತೇವೆ. ಅವಳು ಟವೆಲು ಹಾಕಿದಳು, ಬಲಕ್ಕೆ ಕುಯ್ದಳು, ಸರಿದಳು, ದರೆಗೆ ಭುಜ ತಾಗಿ ನಿಂತಳು. ಮುಂದಕ್ಕೆ ದಾರಿ ಇಲ್ಲ. ತಿರುಗಿ ಮುಂದಕ್ಕೆ ಬಂದು ಗಿಡವನ್ನು ನೋಡಿದಳು.

ಎಡಗಡೆಯ ರೆಕ್ಕೆಗಳಲ್ಲಿ ಹಣ್ಣು ಹಾಗೇ ಇತ್ತು. ನನಗೆ ಕಾಣುತ್ತಿತ್ತು, ಬೆಳ್ಳಿಯಪ್ಪನಿಗೆ ಕಾಣುತ್ತಿತ್ತು. ನಾನು ಬಾಯಿ ತೆರೆಯಲಿಲ್ಲ. ಗೋಡೆಯ ಮಾತು ನೆನಪಿತ್ತು.

ಬೆಳ್ಳಿಯಪ್ಪ ಒಂದು ಹೆಜ್ಜೆ ಮುಂದೆ ಬಂದ. ಅವನ ಮನಸ್ಸು ಆಗಲೇ ಕರಗಿತ್ತು. "ಆಯ್ತಕ್ಕ. ದರೆ ಗಿಡ ಇದು, ಲೆಕ್ಕಕ್ಕೆ ಬೇಡ. ನಾ ನೋಡ್ಕೋತೀನಿ. ಸಾಲು ಮುಗೀತು ಅಂತ್ಲೇ ಹೇಳೋಣ."

"ಮುಗಿದಿಲ್ಲ," ಎಂದಳು ಶಿವಗಂಗಮ್ಮ.

ಅವನು ನನ್ನ ಮುಖ ನೋಡಿದ.

"ನನಗೆ ಒಂದು ಹಣ್ಣೂ ಕಾಣ್ತಿಲ್ಲ ಮಾರಾಯ. ಆದ್ರೆ ನಾ ಸುತ್ತಿ ಬಂದಿಲ್ಲ. ಟವೆಲಿಗೆ ಆ ಕಡೆಯಿಂದ ಬಂದು ಸೇರಿಲ್ಲ. ಸೇರಿಲ್ಲ ಅಂದ್ರೆ ಗಿಡದಲ್ಲಿ ಹಣ್ಣಿದೆ. ನನಗೆ ಕಾಣ್ತಿಲ್ಲ, ಅಷ್ಟೇ."

ಕಾಣುತ್ತಿಲ್ಲ ಎಂಬ ಮಾತು ಅವಳ ಬಾಯಿಂದ ಬಂದದ್ದು ಅದೇ ಮೊದಲು. ಸೋತವರು ಹೇಳುವ ಹಾಗೆ ಹೇಳಲಿಲ್ಲ ಅವಳು. ಬಾಗಿಲು ತೆಗಿ ಎಂದು ಕೂಗುವ ಹಾಗೆ ಹೇಳಿದಳು. ನೆತ್ತಿಯ ಹಿಂದಿನ ಜಾಗ ಅವಳಿಗೆ ಸುಳ್ಳು ಹೇಳುತ್ತಿತ್ತು. ಹಣೆಯ ಹಿಂದಿನ ಜಾಗ, ಆ ತೀರ್ಮಾನ ಮಾಡುವ ಜಾಗ, ಅದನ್ನು ನಂಬುವುದಿಲ್ಲ ಎಂದಿತು. ನನಗೆ ತಿಳಿದಂತೆ ಇಷ್ಟು. ಡಾಕ್ಟರು ಇದಕ್ಕೆ ಏನು ಹೇಳುತ್ತಾಳೋ ಗೊತ್ತಿಲ್ಲ.

ಅವಳು ಚೀಲವನ್ನು ಸೊಂಟದ ಮುಂದಕ್ಕೆ ಎಳೆದುಕೊಂಡಳು. ದರೆಯ ಮಣ್ಣಿಗೆ ಬೆನ್ನು ಒತ್ತಿ, ಗಿಡಕ್ಕೆ ಮುಖ ಕೊಟ್ಟು, ಆ ಸಂದಿಗೆ ನುಗ್ಗಿದಳು. ಮಣ್ಣು ಕುಸಿದು ಅವಳ ಕೂದಲ ಮೇಲೆ ಬಿತ್ತು. ರೆಂಬೆ ಕೆನ್ನೆಗೆ ಗೀರಿತು. ಬೆಳ್ಳಿಯಪ್ಪ ಕೈ ಚಾಚಿದ. "ಬೇಡ" ಎಂದು ಒಳಗಿನಿಂದ ಬಂತು. ಸ್ವಲ್ಪ ಸ್ವಲ್ಪವೇ ಬಲಕ್ಕೆ ಜರುಗಿದಳು. ಈ ಕಡೆಯಿಂದ ಎಡಕ್ಕಿದ್ದ ರೆಕ್ಕೆಗಳು ಆ ಕಡೆಯಿಂದ ಅವಳ ಬಲಕ್ಕೆ ಬಂದವು. ಎಲೆಗಳ ನಡುವೆ ಅವಳ ಕೈ ಕಾಣಿಸಿತು. ಆಮೇಲೆ ಹಣ್ಣು ಚೀಲಕ್ಕೆ ಬೀಳುವ ಸದ್ದು. ಕುಯ್ಯುವವರಿಗೆ ಆ ಸದ್ದು ಗೊತ್ತು.

ಆ ಬದಿಯಿಂದ ಹೊರಬಂದಾಗ ರವಿಕೆಯ ತೋಳು ಹರಿದಿತ್ತು, ಮುಖವೆಲ್ಲ ಮಣ್ಣು. ಟವೆಲು ಬಲಗಡೆಗೆ ಕಂಡಿತು. ಅದನ್ನು ತೆಗೆದು, ಕೊಡವಿ, ತಲೆಗೆ ಕಟ್ಟಿಕೊಂಡಳು.

"ಈಗ ಮುಗೀತು. ನೋಡು."

ಬೆಳ್ಳಿಯಪ್ಪ ನೋಡಿದ. ರೆಂಬೆ ಎತ್ತಿ, ಬಗ್ಗಿ, ಬುಡದವರೆಗೂ ನೋಡಿದ. ಆಮೇಲೆ ಬೇರೆ ಸಾಲುಗಳಲ್ಲಿದ್ದ ಹೆಂಗಸರಿಗೆಲ್ಲ ಕೇಳುವ ಹಾಗೆ, "ಮೊದಲ ಸಾಲು ಕ್ಲೀನಾಗಿದೆ. ಶಿವಗಂಗಕ್ಕ ಕಳ್ಳಗೆಲಸ ಮಾಡೋಳಲ್ಲ. ಅಂದದ್ದು ನನ್ನ ತಪ್ಪು," ಎಂದ. ಇವಳ ಕಡೆ ತಿರುಗಿ ದನಿ ಇಳಿಸಿದ. "ಬರೋ ವರ್ಷ ಕುಂಕುಮ ಹಚ್ಚಿ ಸುತ್ತೋವಾಗ ಒಂದು ಸಲ ಆದ್ರೂ ಸರಿಯಾಗಿ ಸುತ್ತಕ್ಕ. ಚೌಡಿ ಕೋಪ ಮಾಡ್ಕೊಂಡಾಳು."

"ಎಡಗಡೆ ನೀ ನೋಡ್ಕೋ, ಬಲಗಡೆ ನಾ ನೋಡ್ಕೋತೀನಿ ಅಂತ ಚೌಡಿಗೆ ಹೇಳಿದೀನಿ," ಎಂದಳು ಅವಳು. "ನೀ ಮಧ್ಯೆ ಬರ್ಬೇಡ."

ಬಸ್ ಕಾಯುವವರು ಏನು ಬೇಕಾದರೂ ಹೇಳಿಕೊಳ್ಳಲಿ. ಈ ವರ್ಷದ ಮೊದಲ ಹಿಡಿ ಹಣ್ಣು ಕಿತ್ತದ್ದು ಶಿವಗಂಗಮ್ಮನೇ. ಎಡಸುತ್ತು ಸುತ್ತಿಯೇ ಕಿತ್ತಳು. ರಾಮಮ್ಮ ಕಣ್ಣು ಮುಚ್ಚಿಕೊಂಡು ಕೈ ಮುಗಿದಳು. ಗಿಡ ಬಾಡಿಲ್ಲ.